ಯೋಗದ ಕ್ಲಾಸು ಚಪ್ಪಲಿ ಬಿಡುವಲ್ಲಿ ಶುರು



ಈ ರೇಡಿಯೋ ಸ್ಟುಡಿಯೋದ ಒಳಗೆ ಬಂದು ಮೈಕಿನ ಮುಂದೆ ಕೂತಾಗ ನನಗೆ ಅಂಥಾ ಅಳುಕೇನೂ ಆಗಲಿಲ್ಲ. ಕೇಳುವವರಿಗೆ ನಾನು ಕಾಣುವುದಿಲ್ಲ, ನನ್ನ ದನಿಯಷ್ಟೇ ಅವರನ್ನು ಮುಟ್ಟಬೇಕು. ಇಪ್ಪತ್ತೆರಡು ವರ್ಷದಿಂದ ದಿನಾ ಬೆಳಗ್ಗೆ ಯೋಗದ ಕ್ಲಾಸಿನಲ್ಲಿ ನಾನು ಮಾಡುತ್ತಿರುವುದೂ ಹೆಚ್ಚುಕಡಿಮೆ ಇದೇ ಕೆಲಸ. ತ್ರಿಕೋನಾಸನದಲ್ಲಿ ನಿಂತವರ ಕಣ್ಣು ಮೇಲೆತ್ತಿದ ಕೈಬೆರಳ ತುದಿಯಲ್ಲಿರುತ್ತದೆ. ಪಾದಹಸ್ತಾಸನದಲ್ಲಿ ಬಾಗಿದವರಿಗೆ ಕಾಣುವುದು ಅವರದೇ ಮಂಡಿ. ಭುಜಂಗಾಸನದಲ್ಲಿ ಎದುರುಗೋಡೆ, ಮಕರಾಸನದಲ್ಲಿ ಜಮಖಾನದ ಪಟ್ಟೆ. ಶವಾಸನದಲ್ಲಂತೂ ಕಣ್ಣೇ ಮುಚ್ಚಿರುತ್ತದೆ. ಒಂದು ಗಂಟೆಯ ಕ್ಲಾಸಿನಲ್ಲಿ ಅವರು ನನ್ನ ಮುಖ ನೋಡುವುದು ಹತ್ತು ನಿಮಿಷವಿದ್ದರೆ ಹೆಚ್ಚು. ಮಿಕ್ಕಿದ್ದೆಲ್ಲ ರೇಡಿಯೋ.

ಆದರೆ ಒಂದು ವ್ಯತ್ಯಾಸವಿದೆ. ಈಗ ನೀವು ಕಾಫಿ ಕುಡಿಯುತ್ತಾ ಕೇಳುತ್ತಿದ್ದೀರೋ, ಸೊಪ್ಪು ಬಿಡಿಸುತ್ತಾ ಕೇಳುತ್ತಿದ್ದೀರೋ ನನಗೆ ಗೊತ್ತಿಲ್ಲ. ಕ್ಲಾಸಿನಲ್ಲಿ ಹಾಗಲ್ಲ, ನಾನು ಅವರನ್ನು ನೋಡಬಹುದು. ಹೇಳಿಕೊಡುವವರಿಗೆ ಸಿಕ್ಕಿರುವ ದೊಡ್ಡ ಅನುಕೂಲ ಇದು. ಇದನ್ನು ನಾವು ಎಷ್ಟು ಬಳಸಿಕೊಳ್ಳುತ್ತೇವೆ, ಎಷ್ಟು ಕಳೆದುಕೊಳ್ಳುತ್ತೇವೆ ಎಂಬುದೇ ನನ್ನ ಇವತ್ತಿನ ಮಾತು.

ಮೈಸೂರಿನವಳಾದ್ದರಿಂದ ಇಲ್ಲಿ ಒಂದು ಸಂಗತಿ ನೆನಪಾಗುತ್ತದೆ. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ಒಂಟಿಕೊಪ್ಪಲಿನ ತಮ್ಮ ಮನೆಯಿಂದ ಬಾನುಲಿ ಪ್ರಸಾರ ಶುರುಮಾಡಿದರು. ಆ ಹೊತ್ತಿಗೆ ಅದೇ ಊರಿನ ಜಗನ್ಮೋಹನ ಅರಮನೆಯಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, ತಿರುಮಲೈ ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸುತ್ತಿದ್ದರು. ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ ಹುಟ್ಟಿದವರು ಅವರು. ಅವರ ‘ಯೋಗ ಮಕರಂದ’ 1934ರಲ್ಲಿ ಕನ್ನಡದಲ್ಲೇ ಹೊರಬಂತು. ಇವತ್ತು ನ್ಯೂಯಾರ್ಕಿನಲ್ಲೋ ಟೋಕಿಯೋದಲ್ಲೋ ಯಾರೋ ಒಬ್ಬರು ಮ್ಯಾಟು ಹಾಸಿ ಕೈ ಮೇಲೆತ್ತಿದರೆ, ಆ ಕೈಗೂ ನಮ್ಮ ಈ ಅರಮನೆಯ ಹಜಾರಕ್ಕೂ ಎಲ್ಲೋ ಒಂದು ನಂಟಿರುವ ಸಾಧ್ಯತೆ ಬಹಳ.

ಆ ಗುರುವಿನ ಶಿಷ್ಯರನ್ನು ನೋಡಿ. ಹಾಸನದ ಹತ್ತಿರದ ಕೌಶಿಕದಿಂದ ಬಂದ ಪಟ್ಟಾಭಿ ಜೋಯಿಸರು ಉಸಿರಿಗೂ ಚಲನೆಗೂ ಗಂಟು ಹಾಕಿ, ಒಂದು ಆಸನದಿಂದ ಇನ್ನೊಂದಕ್ಕೆ ಬಿಡುವಿಲ್ಲದೆ ಹರಿಯುವ ಅಷ್ಟಾಂಗ ವಿನ್ಯಾಸವನ್ನು ಹೇಳಿಕೊಟ್ಟರು. ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಗುರುಗಳಿಗೆ ಭಾವಮೈದುನ. ಚಿಕ್ಕಂದಿನಲ್ಲಿ ಕ್ಷಯ, ಮಲೇರಿಯಾ, ಟೈಫಾಯ್ಡ್ ಎಲ್ಲಾ ಕಂಡು ಸೊರಗಿದ್ದ ಹುಡುಗ. 1937ರಲ್ಲಿ ಪುಣೆಗೆ ಹೋದ ಅವರು ಮುಂದೆ ಹಗ್ಗ, ಬೆಲ್ಟು, ಮರದ ಇಟ್ಟಿಗೆ, ಕುರ್ಚಿ ಇವುಗಳನ್ನೆಲ್ಲ ಯೋಗಕ್ಕೆ ತಂದು, ಮೈ ಬಾಗದವರಿಗೂ ಆಸನದ ಬಾಗಿಲು ತೆಗೆದರು. ಗುರುಗಳ ಮಗ ದೇಶಿಕಾಚಾರ್ ಮದ್ರಾಸಿನಲ್ಲಿ ಒಬ್ಬೊಬ್ಬರಿಗೂ ಅವರವರ ಮೈಗೆ, ವಯಸ್ಸಿಗೆ ತಕ್ಕ ಹಾಗೆ ಪಾಠ ಹೊಂದಿಸಿದರು. ರೀಗಾದಲ್ಲಿ ಹುಟ್ಟಿದ ಇಂದ್ರಾದೇವಿ ಮೈಸೂರಿನಲ್ಲಿ ಕಲಿತು, ಅಮೆರಿಕದ ಹಾಲಿವುಡ್ಡಿನಲ್ಲಿ ಯೋಗಶಾಲೆ ತೆರೆದರು. ಗುರು ಒಬ್ಬರೇ, ಪಾಠ ನಾಲ್ಕು ಥರ. ಎದುರಿಗೆ ಬಂದು ನಿಂತವರನ್ನು ನೋಡಿ ಪಾಠ ಮಾಡಬೇಕು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಕಿಲ್ಲ.

ಈಗ ಅರಮನೆಯಿಂದ ನಮ್ಮ ಕ್ಲಾಸಿಗೆ ಇಳಿಯೋಣ. ನಮ್ಮದು ನಡೆಯುವುದು ಒಂದು ಕಲ್ಯಾಣ ಮಂಟಪದ ಮಹಡಿಯ ಊಟದ ಹಾಲಿನಲ್ಲಿ. ಬೆಳಗ್ಗೆ ಐದು ಮುಕ್ಕಾಲರಿಂದ ಆರು ಮುಕ್ಕಾಲು. ಹಠಯೋಗ ಪ್ರದೀಪಿಕೆ ಬರೆದ ಸ್ವಾತ್ಮಾರಾಮ ಯೋಗ ಮಾಡುವ ಕುಟೀರ ಹೇಗಿರಬೇಕೆಂದು ವಿವರವಾಗಿ ಹೇಳಿದ್ದಾನೆ: ಬಾಗಿಲು ಚಿಕ್ಕದಿರಬೇಕು, ನೆಲದಲ್ಲಿ ಗುಂಡಿ ಬಿಲ ಇರಬಾರದು, ಸೆಗಣಿ ಸಾರಿಸಿ ಚೊಕ್ಕಟವಾಗಿರಬೇಕು, ಹುಳುಹುಪ್ಪಟೆ ಸುಳಿಯಬಾರದು. ಮದುವೆ ಸೀಸನ್ನಿನಲ್ಲಿ ನಮ್ಮ ಹಾಲಿಗೆ ಅವನನ್ನೊಮ್ಮೆ ಕರೆಸಬೇಕಿತ್ತು. ಹಿಂದಿನ ರಾತ್ರಿಯ ಸಾರಿನ ಘಮ ಇನ್ನೂ ಗಾಳಿಯಲ್ಲಿರುತ್ತದೆ. ಪಾಯಸ ಚೆಲ್ಲಿದ ಕಡೆ ಕಾಲು ಅಂಟುತ್ತದೆ. ಎಲ್ಲಿಂದಲೋ ಬಂದ ಅಕ್ಷತೆ ಕಾಳು ವಜ್ರಾಸನದಲ್ಲಿ ಕೂತವರ ಮಂಡಿಗೆ ಸರಿಯಾಗಿ ಚುಚ್ಚುತ್ತದೆ. ಹಾಗಾಗಿ ನನ್ನ ಮೊದಲ ಆಸನ ಪೊರಕೆಯದು. ಐದೂ ಕಾಲಿಗೆ ಹೋಗಿ ಕಿಟಕಿ ತೆಗೆದು, ಗುಡಿಸಿ, ಒದ್ದೆಬಟ್ಟೆಯಲ್ಲಿ ಒರೆಸಿ, ಜಮಖಾನ ಹಾಸುತ್ತೇನೆ. ಗೋಡೆ ಪಕ್ಕ ಮೂರು ಪ್ಲಾಸ್ಟಿಕ್ ಕುರ್ಚಿ ಹಾಕಿಡುತ್ತೇನೆ. ಆ ಕುರ್ಚಿಗಳ ಕಥೆ ಆಮೇಲೆ ಹೇಳುತ್ತೇನೆ.

ಅದಕ್ಕೂ ಮುಂಚೆ, ನಾಲ್ಕು ಗಂಟೆಗೆ ಎದ್ದು, ನನ್ನ ಅಭ್ಯಾಸ ನಾನು ಮುಗಿಸಿರಬೇಕು. ಹೊಸದಾಗಿ ಕಲಿಸಲು ಶುರುಮಾಡಿದವರು ಇದರಲ್ಲೇ ಎಡವುತ್ತಾರೆ. ಹೇಗೂ ಕ್ಲಾಸಿನಲ್ಲಿ ಮಾಡುತ್ತೇನಲ್ಲ, ಬೇರೆ ಯಾಕೆ ಎಂದುಕೊಳ್ಳುತ್ತಾರೆ. ತಮ್ಮ ಹೊಟ್ಟೆಗೆ ಊಟ ಆಗದೆ ಬಡಿಸಲು ನಿಂತವರ ಕಣ್ಣು ಎಲೆಯ ಮೇಲಿರುತ್ತದೆಯೇ ಹೊರತು ಉಣ್ಣುವವರ ಮೇಲಲ್ಲ. ನಾನೂ ಮೊದಲೆರಡು ವರ್ಷ ಹಾಗೇ ಮಾಡಿದೆ. ಎದುರಿಗೆ ಮ್ಯಾಟು ಹಾಕಿಕೊಂಡು ಎಲ್ಲಾ ಆಸನ ನಾನೇ ಸೊಗಸಾಗಿ ಮಾಡಿ ತೋರಿಸುತ್ತಿದ್ದೆ. ಜನ ಮೆಚ್ಚುತ್ತಿದ್ದರು. ಒಂದು ದಿನ ಹಲಾಸನದಿಂದ ಎದ್ದು ನೋಡಿದರೆ ಹಿಂದಿನ ಸಾಲಿನಲ್ಲಿ ಇಬ್ಬರು ಹೆಂಗಸರು ಸುಮ್ಮನೆ ಕೂತು ನನ್ನನ್ನೇ ನೋಡುತ್ತಿದ್ದರು. “ಯಾಕಮ್ಮ, ಮಾಡಲಿಲ್ವಾ?” ಎಂದೆ. “ನಮಗೆ ಕಾಲೇ ಮೇಲೇಳಲ್ಲ ಮೇಡಂ, ನೀವು ಮಾಡೋದು ನೋಡೋಕೆ ಚೆನ್ನಾಗಿದೆ” ಅಂದರು. ಎಷ್ಟು ದಿನದಿಂದ ಹಾಗೆ ಕೂತಿದ್ದರೋ. ತಲೆ ಕೆಳಗಾಗಿದ್ದ ನನಗೆ ಗೊತ್ತಾಗುವುದು ಹೇಗೆ? ಅವತ್ತಿನಿಂದ ಒಂದು ಆಸನವನ್ನು ಒಂದು ಸಲ ಮಾಡಿ ತೋರಿಸುತ್ತೇನೆ, ಆಮೇಲೆ ಎದ್ದು ಸಾಲುಗಳ ನಡುವೆ ಓಡಾಡುತ್ತೇನೆ.

ಇನ್ನು ಈ ಮಾತಿನ ತಲೆಬರಹದಲ್ಲಿರುವ ಚಪ್ಪಲಿಯ ವಿಷಯ. ಐದೂವರೆ ಆಗುತ್ತಿದ್ದಂತೆ ನಾನು ಮೆಟ್ಟಿಲಿನ ತುದಿಯಲ್ಲಿ, ಚಪ್ಪಲಿ ಬಿಡುವ ಜಾಗದಲ್ಲಿ ನಿಲ್ಲುತ್ತೇನೆ. ನೋಡುವವರಿಗೆ ಬಂದವರನ್ನು ಮಾತಾಡಿಸುತ್ತಿರುವ ಹಾಗೆ ಕಾಣುತ್ತದೆ. ನನ್ನ ಅರ್ಧ ಪಾಠ ಅಲ್ಲೇ ಸಿದ್ಧವಾಗುತ್ತದೆ. ಒಬ್ಬರು ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲಿಟ್ಟು ಹತ್ತುತ್ತಾರೆ. ಮಂಡಿ ನೋವು ಹೆಚ್ಚಾಗಿದೆ. ಇನ್ನೊಬ್ಬರು ಚಪ್ಪಲಿ ಕಳಚಲು ಗೋಡೆ ಹಿಡಿಯುತ್ತಾರೆ. ಇವರಿಗೆ ವೃಕ್ಷಾಸನ ಹಾಲಿನ ನಡುವೆ ಬೇಡ, ಗೋಡೆ ಪಕ್ಕವೇ ಆಗಲಿ. ಬಗ್ಗದೆ, ಒಂದು ಕಾಲಿನ ಹೆಬ್ಬೆರಳಿನಿಂದ ಇನ್ನೊಂದು ಕಾಲಿನ ಚಪ್ಪಲಿಯ ಪಟ್ಟಿ ಎಳೆಯುವವರ ಸೊಂಟ ಹಿಡಿದಿದೆ. ಮೊಬೈಲು ಕಿವಿಗಿಟ್ಟುಕೊಂಡೇ ಚಪ್ಪಲಿ ಬಿಡುವವರ ಮೈ ಬಂದಿದೆ, ಮನಸ್ಸು ಇನ್ನೂ ಮನೆಯಲ್ಲಿದೆ. ಒಳಗೆ ಹೋಗಿ ಮ್ಯಾಟಿನ ಮೇಲೆ ನಿಂತ ಮೇಲೆ ಎಲ್ಲರೂ ನೆಟ್ಟಗೆ ನಿಂತುಕೊಳ್ಳುತ್ತಾರೆ. ಚಪ್ಪಲಿ ಬಿಡುವಾಗ ಮಾತ್ರ ಮೈ ಸುಳ್ಳು ಹೇಳುವುದಿಲ್ಲ.

ಈ ಪಾಠ ನನಗೆ ಪುಸ್ತಕದಿಂದ ಬಂದದ್ದಲ್ಲ, ಒಂದು ತಪ್ಪಿನಿಂದ ಬಂತು. ಮೊದಲೆಲ್ಲ ಪ್ರಾರ್ಥನೆಯಾದ ಮೇಲೆ ಗಟ್ಟಿಯಾಗಿ ಕೇಳುತ್ತಿದ್ದೆ: “ಯಾರಿಗಾದರೂ ಏನಾದರೂ ತೊಂದರೆ ಇದೆಯಾ?” ಇಡೀ ಹಾಲು ಮೌನ. ಇಪ್ಪತ್ತೈದು ಜನರ ಮುಂದೆ ನನಗೆ ಮೂಲವ್ಯಾಧಿ, ನನಗೆ ಹರ್ನಿಯಾ, ನನಗೆ ಮೂರು ತಿಂಗಳು ಎಂದು ಯಾರು ಹೇಳಿಯಾರು? ಒಂದು ದಿನ, ನಿವೃತ್ತರಾದ ಒಬ್ಬ ಬಸ್ ಕಂಡಕ್ಟರ್, ಬಹಳ ಹುರುಪಿನ ಮನುಷ್ಯ, ಪಾದಹಸ್ತಾಸನದಿಂದ ಸರಕ್ಕನೆ ಮೇಲೆದ್ದವರು ಹಾಗೇ ಕುಸಿದರು. ಪಕ್ಕದವರು ಹಿಡಿದುಕೊಂಡರು, ಏಟಾಗಲಿಲ್ಲ. ಮಲಗಿಸಿ, ಸುಧಾರಿಸಿಕೊಂಡ ಮೇಲೆ ಕೂರಿಸಿ ನೀರು ಕೊಟ್ಟೆವು. ಆಮೇಲೆ ತಿಳಿಯಿತು, ಎರಡು ದಿನದ ಹಿಂದೆ ಡಾಕ್ಟರು ಅವರ ಬಿ.ಪಿ. ಮಾತ್ರೆಯನ್ನು ಹೆಚ್ಚು ಮಾಡಿದ್ದರು. ಅಂಥ ಮಾತ್ರೆ ತೆಗೆದುಕೊಳ್ಳುವವರು ಬಗ್ಗಿ ಥಟ್ಟನೆ ಎದ್ದರೆ ತಲೆಗೆ ರಕ್ತ ಸಾಲದೆ ಕಣ್ಣು ಕತ್ತಲೆ ಬರಬಹುದು. “ಮೊದಲೇ ಹೇಳಬಾರದಿತ್ತೇ ಸರ್?” ಎಂದೆ. “ನೀವು ಎಲ್ಲರನ್ನೂ ಕೇಳಿದ್ರಿ, ನನ್ನ ಕೇಳಲಿಲ್ವಲ್ಲಮ್ಮ” ಅಂದರು. ಆ ತಪ್ಪು ಅವರದಲ್ಲ, ನನ್ನದು. ಗೋಡೆ ಪಕ್ಕದ ಕುರ್ಚಿಗಳು ಬಂದದ್ದು ಆ ವಾರ. ನಾನು ಚಪ್ಪಲಿ ಬಿಡುವಲ್ಲಿ ನಿಲ್ಲತೊಡಗಿದ್ದೂ ಆ ವಾರವೇ. ಅಲ್ಲಿ ಒಬ್ಬೊಬ್ಬರನ್ನೇ, ದನಿ ತಗ್ಗಿಸಿ ಕೇಳಿದರೆ ಎಲ್ಲರೂ ಹೇಳುತ್ತಾರೆ.

ಕೇಳಿ ತಿಳಿದದ್ದನ್ನು ಏನು ಮಾಡಬೇಕು? ಕೆಲವು ಸಂಗತಿಗಳು ಕಲಿಸುವವರ ನಾಲಿಗೆಯ ತುದಿಯಲ್ಲಿರಬೇಕು. ರಕ್ತದೊತ್ತಡ ಹತೋಟಿಯಲ್ಲಿಲ್ಲದವರಿಗೆ ಶೀರ್ಷಾಸನ, ಸರ್ವಾಂಗಾಸನ ಬೇಡ. ಜೋರಿನ ಕಪಾಲಭಾತಿ ಬೇಡ, ಉಸಿರು ಬಿಗಿಹಿಡಿಯುವ ಕುಂಭಕವೂ ಬೇಡ. ಗ್ಲಾಕೋಮಾ ಇದ್ದವರ ತಲೆ ಕೆಳಗಾದರೆ ಕಣ್ಣಿನೊಳಗಿನ ಒತ್ತಡ ಏರುತ್ತದೆ. ಬೆನ್ನಿನ ಡಿಸ್ಕ್ ಜಾರಿದವರನ್ನು ಮುಂದಕ್ಕೆ ಬಾಗಿಸಬಾರದು. ಹರ್ನಿಯಾ ಇದ್ದವರಿಗೆ ಹೊಟ್ಟೆಗೆ ಬಿಗಿ ಬೀಳುವ ಧನುರಾಸನ, ಶಲಭಾಸನ ಸಲ್ಲದು. ಗರ್ಭಿಣಿಯರು ಬೋರಲು ಮಲಗುವ ಆಸನ ಮಾಡಬಾರದು, ಡಾಕ್ಟರರ ಒಪ್ಪಿಗೆಯಿಲ್ಲದೆ ಕ್ಲಾಸಿಗೂ ಬರಬಾರದು. ಇವರಿಗೆಲ್ಲ ‘ನೀವು ಮಾಡಬೇಡಿ, ಕೂತಿರಿ’ ಎಂದರೆ ಪಾಠ ಮಾಡಿದ ಹಾಗಾಗುವುದಿಲ್ಲ. ಆ ಹೊತ್ತಿಗೆ ಅವರು ಬೇರೆ ಏನು ಮಾಡಬೇಕೆಂಬುದನ್ನೂ ಮೊದಲೇ ಯೋಚಿಸಿಟ್ಟಿರಬೇಕು. ನೆಲಕ್ಕೆ ಬಗ್ಗಲಾರದವರು ಕುರ್ಚಿಯ ಬೆನ್ನು ಹಿಡಿದು ಅರ್ಧ ಬಾಗಲಿ. ಪದ್ಮಾಸನ ಬಾರದವರು ಕುರ್ಚಿಯಲ್ಲೇ ಬೆನ್ನು ನೆಟ್ಟಗೆ ಮಾಡಿ ಪ್ರಾಣಾಯಾಮಕ್ಕೆ ಕೂರಲಿ. ಆಸನ ಸ್ಥಿರವೂ ಸುಖವೂ ಆಗಿರಬೇಕು ಎನ್ನುತ್ತಾನೆ ಪತಂಜಲಿ. ಅದು ನೆಲದ ಮೇಲೇ ಆಗಬೇಕೆಂದು ಅವನು ಎಲ್ಲೂ ಹೇಳಿಲ್ಲ.

ಪಾಠದ ಕ್ರಮವನ್ನು ನಾನು ಹಿಂದಿನ ರಾತ್ರಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಮೊದಲು ಕೀಲು ಸಡಿಲಿಸುವ ಚಲನೆ, ಆಮೇಲೆ ನಿಂತು ಮಾಡುವವು, ಕೂತು ಮಾಡುವವು, ಬೋರಲು ಮಲಗಿ ಮಾಡುವವು, ಅಂಗಾತ ಮಲಗಿ ಮಾಡುವವು, ನಂತರ ಪ್ರಾಣಾಯಾಮ, ಕೊನೆಗೆ ಶವಾಸನ. ಹಿಂದಕ್ಕೆ ಬಾಗಿಸಿದರೆ ಮುಂದಕ್ಕೂ ಬಾಗಿಸಬೇಕು, ಎಡಕ್ಕೆ ತಿರುಗಿಸಿದಷ್ಟೇ ಹೊತ್ತು ಬಲಕ್ಕೂ ತಿರುಗಿಸಬೇಕು. ಮೊದಮೊದಲು ನನ್ನ ಚೀಟಿಯಲ್ಲಿ ಇಪ್ಪತ್ತನಾಲ್ಕು ಆಸನಗಳಿರುತ್ತಿದ್ದವು, ಈಗ ಹನ್ನೊಂದೋ ಹನ್ನೆರಡೋ. ಚಪ್ಪಲಿ ಬಿಡುವಲ್ಲಿ ನೋಡಿದ ಮೇಲೆ ಅದರಲ್ಲೂ ಎರಡು ಹೊಡೆದುಹಾಕುವುದುಂಟು. ಜೂನ್ 21ರ ಅಂತರರಾಷ್ಟ್ರೀಯ ಯೋಗ ದಿನಕ್ಕೆ ಸರ್ಕಾರ ಗೊತ್ತುಮಾಡಿರುವ ಸಾಮಾನ್ಯ ಕ್ರಮವೊಂದಿದೆ, 2015ರಿಂದ ದೇಶವೆಲ್ಲ ಅದನ್ನು ಮಾಡುತ್ತದೆ. ಸಾವಿರಾರು ಜನ ಕೂಡುವ ಮೈದಾನಕ್ಕೆ ಅಂಥ ಒಂದೇ ಅಚ್ಚು ಬೇಕೇ ಬೇಕು. ಇಪ್ಪತ್ತೈದು ಜನರ ಹಾಲಿನಲ್ಲೂ ವರ್ಷವಿಡೀ ಅದೇ ಅಚ್ಚನ್ನು ಒತ್ತುತ್ತಾ ಹೋದರೆ, ನಾವು ಇರುವ ಅಗತ್ಯವೇನು? ಒಂದು ಕ್ಯಾಸೆಟ್ ಸಾಕಲ್ಲ.

ಇನ್ನು ನಡೆಸುವ ಮಾತು. ಮೊದಲನೆಯ ತೊಡಕು ಎಡ ಬಲದ್ದು. ಎದುರುಬದುರು ನಿಂತಾಗ ನಾನು ಬಲಗೈ ಎತ್ತಿದರೆ ಅವರಿಗೆ ಅದು ಎಡಗಡೆ ಕಾಣುತ್ತದೆ. ಆದ್ದರಿಂದ ಕನ್ನಡಿಯ ಹಾಗೆ, ಬಾಯಲ್ಲಿ ‘ಬಲಗೈ’ ಎನ್ನುತ್ತಾ ನಾನು ಎಡಗೈ ಎತ್ತಬೇಕು. ಹೊಸದರಲ್ಲಿ ಒಂದು ದಿನ ಒಬ್ಬ ಅಜ್ಜಿ ಕೈ ಇಳಿಸಿ ನಿಂತೇಬಿಟ್ಟರು. “ಏನಮ್ಮಾ, ನೀನು ಬಲಗೈ ಅಂತೀಯ, ಎತ್ತೋದು ಎಡಗೈ. ನಿನ್ನ ಬಾಯಿ ನಂಬೋದೋ ಕೈ ನಂಬೋದೋ?” ಈಗ ನಾನು ಎಡ ಬಲ ಎನ್ನುವುದೇ ಕಡಿಮೆ. ‘ಕಿಟಕಿ ಕಡೆ ಕೈ, ಮೆಟ್ಟಿಲ ಕಡೆ ಕೈ’ ಎನ್ನುತ್ತೇನೆ. ಯಾರೂ ತಪ್ಪುವುದಿಲ್ಲ.

ಎರಡನೆಯದು ನಮ್ಮ ಭಾಷೆಯದೇ ಸ್ವಭಾವ. ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ‘ಬಲಗೈಯನ್ನು ಬಲಗಾಲಿನ ಹರಡಿನ ಪಕ್ಕಕ್ಕೆ ನಿಧಾನವಾಗಿ...’ ಎಂದು ಹೇಳುತ್ತಿರುವಷ್ಟು ಹೊತ್ತೂ ಏನು ಮಾಡಬೇಕೆಂದು ತಿಳಿಯದೆ ಅವರು ಕಾಯುತ್ತಿರುತ್ತಾರೆ. ‘ತನ್ನಿ’ ಎನ್ನುವಷ್ಟರಲ್ಲಿ ಉಸಿರು ಮುಗಿದಿರುತ್ತದೆ. ಹಾಗಾಗಿ ಮಾತನ್ನು ತುಂಡು ಮಾಡಬೇಕು. ‘ಬಾಗಿ. ಪಕ್ಕಕ್ಕೆ. ಕೈ ಮಂಡಿ ಹತ್ತಿರ. ಇನ್ನೂ ಕೆಳಗೆ. ಸಾಕು.’ ಹಾಗೆಯೇ ಮೈಯ ಭಾಗಗಳ ಹೆಸರು ಕನ್ನಡದಲ್ಲಿ ಗೊತ್ತಿರಬೇಕು. ಹಿಮ್ಮಡಿ, ಹರಡು, ಮೀನಖಂಡ, ಕಂಕುಳು, ಪಕ್ಕೆ, ಹೆಗಲು. ಇವನ್ನು ನಾನು ತರಬೇತಿಯಲ್ಲಿ ಕಲಿಯಲಿಲ್ಲ, ಎಣ್ಣೆ ಹಚ್ಚುತ್ತಿದ್ದ ಅಜ್ಜಿಯ ಬಾಯಿಂದ ಕಲಿತೆ. ‘ಸ್ಪೈನ್ ಸ್ಟ್ರೈಟ್’ ಎಂದರೆ ಜನ ಎದೆ ಸೆಟೆಸಿಕೊಳ್ಳುತ್ತಾರೆ. ‘ತಲೆ ಮೇಲೆ ತುಂಬಿದ ಕೊಡ ಇದೆ, ತುಳುಕಬಾರದು’ ಎಂದು ನೋಡಿ, ಐದು ಕ್ಷಣದಲ್ಲಿ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಚಕ್ಕಿ ಚಲನಾಸನ ಹೇಳಿಕೊಡುವಾಗ ‘ರಾಗಿ ಬೀಸಿ’ ಎಂದರೆ ಅರವತ್ತು ದಾಟಿದ ಹೆಂಗಸರು ನನಗಿಂತ ಚೆನ್ನಾಗಿ ಮಾಡುತ್ತಾರೆ. ಬೀಸುಕಲ್ಲಿನ ಗೂಟ ಹಿಡಿದ ನೆನಪು ಅವರ ಸೊಂಟಕ್ಕೇ ಇದೆ.

ಮೂರನೆಯದು ಉಸಿರು. ಪಟ್ಟಾಭಿ ಜೋಯಿಸರ ಪದ್ಧತಿಯಲ್ಲಿ ಎರಡು ಬಗೆಯ ಪಾಠವಿದೆ. ಒಂದರಲ್ಲಿ ಗುರು ಸಂಸ್ಕೃತದಲ್ಲಿ ಏಕಂ, ದ್ವೇ, ತ್ರೀಣಿ ಎಂದು ಎಣಿಸುತ್ತಾರೆ. ಮೊದಲ ಬಗೆಯ ಸೂರ್ಯನಮಸ್ಕಾರಕ್ಕೆ 9 ಎಣಿಕೆ, ಎರಡನೆಯದಕ್ಕೆ 17. ಒಂದೊಂದು ಎಣಿಕೆಗೂ ಒಂದು ಉಸಿರು, ಎಲ್ಲರದೂ ಒಟ್ಟಿಗೆ. ಇನ್ನೊಂದು, ಲೋಕವೆಲ್ಲ ‘ಮೈಸೂರು ಸ್ಟೈಲ್’ ಎಂದು ಕರೆಯುವ ಬಗೆ. ಅದರಲ್ಲಿ ಒಬ್ಬೊಬ್ಬರು ತಮ್ಮ ಉಸಿರಿನ ಲೆಕ್ಕದಲ್ಲಿ ತಾವು ಮಾಡುತ್ತಾ ಹೋಗುತ್ತಾರೆ, ಗುರು ನಡುವೆ ಓಡಾಡುತ್ತಾ ಬೇಕಾದ ಕಡೆ ಮಾತ್ರ ಕೈ ಕೊಡುತ್ತಾರೆ. ಎಣಿಸುವ ಕ್ಲಾಸಿನಲ್ಲಿ ದನಿಯೇ ಎಲ್ಲರ ಶ್ವಾಸ. ನಾನು ‘ಉಸಿರು ತಗೊಳ್ಳಿ’ ಎಂದು ಹೇಳಿ ಅರ್ಧ ನಿಮಿಷ ಬೇರೇನೋ ವಿವರಿಸುತ್ತಾ ನಿಂತರೆ, ಪಾಪ, ಅವರು ಉಸಿರು ಕಟ್ಟಿಕೊಂಡು ಕೆಂಪಗಾಗುತ್ತಿರುತ್ತಾರೆ. ನನ್ನ ಉಸಿರಿನ ಉದ್ದಕ್ಕೆ ಎಣಿಸಿದರೂ ತಪ್ಪೇ. ಸಾಲಿನಲ್ಲಿ ಯಾರ ಉಸಿರು ಎಲ್ಲರಿಗಿಂತ ಗಿಡ್ಡವೋ ಅವರ ಎದೆಯನ್ನು ನೋಡಿ ಎಣಿಸಬೇಕು. ಗಟ್ಟಿಗರು ಒಂದಿಷ್ಟು ಕಾಯಲಿ, ಕಾಯುವುದೂ ಯೋಗವೇ.

ಮುಟ್ಟಿ ತಿದ್ದುವ ವಿಷಯ ಒಂದೇ ಮಾತಿನಲ್ಲಿ ಹೇಳುತ್ತೇನೆ. ಕೇಳದೆ ಮುಟ್ಟಬಾರದು. ‘ಭುಜ ಹಿಡೀಲಾ?’ ಎಂದು ಕೇಳಿ, ಹೂಂ ಎಂದರೆ ಮಾತ್ರ. ಹತ್ತರಲ್ಲಿ ಒಂಬತ್ತು ಸಲ ಮಾತೇ ಸಾಕಾಗುತ್ತದೆ.

ಕೊನೆಗೆ ಶವಾಸನ. ಹೊತ್ತಾಯಿತೆಂದು ಹಲವರು ಇದನ್ನೇ ಕತ್ತರಿಸುತ್ತಾರೆ. ಊಟಕ್ಕೆ ಕರೆದು ಮಜ್ಜಿಗೆ ಅನ್ನ ಬಡಿಸದೆ ಎಬ್ಬಿಸಿದ ಹಾಗೆ ಅದು. ಏಳೆಂಟು ನಿಮಿಷ ಅದಕ್ಕೆಂದೇ ಮೀಸಲಿಡಿ. ಪಾದದಿಂದ ನೆತ್ತಿಯವರೆಗೆ ಒಂದೊಂದೇ ಭಾಗ ಸಡಿಲಿಸಲು ಹೇಳಿ, ಆಮೇಲೆ ನೀವೂ ಸುಮ್ಮನಾಗಿ. ನಮ್ಮ ಹಾಲಿನಲ್ಲಿ ಆಗ ಕೇಳುವುದು ಫ್ಯಾನಿನ ಸದ್ದು, ಕೆಳಗೆ ಹಾಲಿನವನ ಸೈಕಲ್ ಗಂಟೆ, ಹಿಂದಿನ ಸಾಲಿನಿಂದ ಸಣ್ಣಗೆ ಗೊರಕೆ. ಗೊರಕೆ ಹೊಡೆಯುವವರನ್ನು ನಾನು ಎಬ್ಬಿಸುವುದಿಲ್ಲ. ರಾತ್ರಿಯೆಲ್ಲ ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಂಡು ಬಂದಿರುತ್ತಾರೆ. ಅವರಿಗೆ ಅವತ್ತಿನ ಯೋಗ ಅದೇ. ಏಳಿಸುವಾಗ ಮಾತ್ರ, ಬಲಮಗ್ಗುಲಿಗೆ ಹೊರಳಿ, ಕೈಯೂರಿ, ನಿಧಾನವಾಗಿ ಎಂದು ಮೂರು ಸಲ ಹೇಳುತ್ತೇನೆ. ಕಂಡಕ್ಟರ್ ಸಾಹೇಬರನ್ನು ನೆನೆಸಿಕೊಂಡು.

ಅಂದ ಹಾಗೆ, ಅವರು ಈಗಲೂ ಬರುತ್ತಾರೆ. ಎಪ್ಪತ್ತಾರು ವಯಸ್ಸು. ಮಾತ್ರೆ ಬದಲಾದ ದಿನ ಚಪ್ಪಲಿ ಬಿಡುವಾಗಲೇ “ಇವತ್ತು ಕುರ್ಚಿ ಕಣಮ್ಮ” ಎಂದು ತಾವೇ ಹೇಳಿ ಹೋಗಿ ಕೂರುತ್ತಾರೆ.

ಕೇಳುಗರಲ್ಲಿ ಯೋಗ ಕಲಿಸುವವರಿದ್ದರೆ ನನ್ನದೊಂದು ವಿನಂತಿ. ನಾಳೆ ಕಾಲು ಗಂಟೆ ಮುಂಚೆ ಹೋಗಿ ಬಾಗಿಲಲ್ಲಿ ನಿಂತುಕೊಳ್ಳಿ, ಬರುವವರ ಕಾಲು ನೋಡಿ. ಕಲಿಯುವವರಿದ್ದರೆ, ಮೇಷ್ಟ್ರು ಕೇಳದಿದ್ದರೂ ನೀವೇ ಹತ್ತಿರ ಹೋಗಿ ನಿಮ್ಮ ನೋವು, ನಿಮ್ಮ ಮಾತ್ರೆ, ನಿಮ್ಮ ಆಪರೇಷನ್ನಿನ ವಿಷಯ ಎರಡು ಮಾತಿನಲ್ಲಿ ಹೇಳಿ. ಮಾತ್ರೆ ಬಿಟ್ಟುಬಿಡಿ, ಯೋಗ ಸಾಕು ಎನ್ನುವ ಮೇಷ್ಟ್ರು ಸಿಕ್ಕಿದರೆ ಮಾತ್ರೆ ಬಿಡಬೇಡಿ, ಆ ಮೇಷ್ಟ್ರನ್ನು ಬಿಡಿ.